ಮುಯ್ಯಾಳಿನ ಬಯಲು

(ಗದಗಿನಲ್ಲಿ ಸಹಕಾರ ಸಪ್ತಾಹದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ರೋಗಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಈ ಸಭೆಗೆ ನನ್ನನ್ನು ಕರೆಯಲು ಬಂದ ಹಿರಿಯರು, "ಕೆನಡಾದಲ್ಲಿ ಇದ್ದು ಬಂದಿದ್ದೀರಿ, ನಯಾಗರಾ ಜಲಪಾತದ ಬಗ್ಗೆ ನಾಲ್ಕು ಮಾತು ಹೇಳಿ ತಾಯಿ" ಎಂದರು. ನಾನು ನಯಾಗರಾ ನೋಡಿಲ್ಲ. ನಾನಿದ್ದ ಊರಿಗೂ ಅದಕ್ಕೂ ಗದಗಿಗೂ ಕಾಶ್ಮೀರಕ್ಕೂ ಇರುವಷ್ಟು ದೂರ. ಹದಿನಾಲ್ಕು ವರ್ಷ ನಾನು ನರ್ಸ್ ಆಗಿ ದುಡಿದದ್ದು ಸಸ್ಕ್ಯಾಚೆವಾನ್ ಎಂಬ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಅದರ ದಕ್ಷಿಣದ ಅರ್ಧವೆಲ್ಲ ಬಯಲು. ಪ್ರೇರಿ ಎನ್ನುತ್ತಾರೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಮಲೆನಾಡಿನ ಹುಡುಗಿಯೊಬ್ಬಳು ಮೊದಲ ವಾರವೇ "ಇಲ್ಲಿ ಕಣ್ಣಿಗೆ ಆಸರೆಯೇ ಇಲ್ಲ ಅಕ್ಕ" ಎಂದು ಅತ್ತಳು. ನನಗೆ ಹಾಗೆ ಅನ್ನಿಸಲಿಲ್ಲ. ಎರೆ ಹೊಲದ ನಡುವೆ ಹುಟ್ಟಿದವಳಿಗೆ ಆಕಾಶ ನೆಲಕ್ಕೆ ತಾಗುವ ಗೆರೆ ಹೊಸದಲ್ಲ. ನಾಲ್ಕು ಹೊಲದಾಚೆ ಮಳೆ ಬರುತ್ತಿರುವುದನ್ನು ನೋಡಿ, ಒಣಹಾಕಿದ ಬಟ್ಟೆ ತೆಗೆಯಲು ಓಡುವ ಅಭ್ಯಾಸ ನನಗೆ ಇಲ್ಲಿಂದಲೇ ಇತ್ತು. ಹೊಸದಾಗಿದ್ದದ್ದು ಚಳಿ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿದ ದಿನ ಕಣ್ಣಿನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾತ್ರಿ ಕಾರಿನ ಎಂಜಿನ್ನಿಗೆ ವಿದ್ಯುತ್ ತಂತಿ ಚುಚ್ಚಿ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಅದು ಮಿಸುಕುವುದಿಲ್ಲ.

ಆ ಪ್ರಾಂತ್ಯದ ವಿಸ್ತಾರ ಸುಮಾರು 6.5 ಲಕ್ಷ ಚದರ ಕಿಲೋಮೀಟರ್, ಅಂದರೆ ಮೂರು ಕರ್ನಾಟಕಗಳಿಗಿಂತ ಹೆಚ್ಚು. ಜನ 2021ರ ಗಣತಿಯ ಪ್ರಕಾರ 11 ಲಕ್ಷ ಚಿಲ್ಲರೆ. ಹುಬ್ಬಳ್ಳಿ-ಧಾರವಾಡದ ಜನರನ್ನು ಕೈಯಲ್ಲಿ ಹಿಡಿದು ಮೂರು ರಾಜ್ಯಗಳ ಮೇಲೆ ಚೆಲ್ಲಿದರೆ ಎಷ್ಟು ತೆಳ್ಳಗೆ ಬೀಳುತ್ತಾರೋ ಅಷ್ಟು. ಅದು ಪ್ರಾಂತ್ಯವಾದದ್ದು 1905ರ ಸೆಪ್ಟೆಂಬರ್ 1ರಂದು. ಈ ಸಭಾಂಗಣದಲ್ಲಿ ಕುಳಿತ ಯಾರಿಗೂ 1905 ಯಾವ ವರ್ಷ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ವರ್ಷ ಅದು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಅಲ್ಲಿನ ಹಳೆಯ ಕಟ್ಟಡಗಳ ಮೇಲೆ ಸಹಕಾರ ಸಂಘಗಳ ಹೆಸರು ಕಂಡಾಗಲೆಲ್ಲ ನನಗೆ ತವರಿನ ದಾರಿಯ ಫಲಕ ಕಂಡಂತಾಗುತ್ತಿತ್ತು.

ಹಳ್ಳಿಯ ಜನ ಒಳ್ಳೆಯವರು, ಪ್ರಕೃತಿ ತಾಯಿ, ನಗರ ಕೆಟ್ಟದ್ದು ಎಂಬ ಮಾತು ಕೇಳಿ ಕೇಳಿ ನಮಗೆಲ್ಲ ಸಾಕಾಗಿದೆ. ನಾನು ನೋಡಿದ್ದು ಬೇರೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದ ವಾತ್ಸಲ್ಯಕ್ಕೆಲ್ಲ ಒಂದು ಲೆಕ್ಕದ ಪುಸ್ತಕವಿತ್ತು. ಯಾರ ಸರದಿ, ಎಷ್ಟು ಪಾಲು, ಯಾವ ದಿನ ಎಂದು ಬರೆದಿಟ್ಟುಕೊಂಡ ಕಡೆ ಜನ ಬದುಕಿಕೊಂಡರು. ಯಾರ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲವೋ ಅವರು ಸತ್ತರು. ಎರಡನ್ನೂ ಹೇಳುತ್ತೇನೆ.

ಮೊದಲು ಒಂಟಿತನದ ಮಾತು, ಏಕೆಂದರೆ ಅಲ್ಲಿ ಅದನ್ನು ಕಾನೂನೇ ತಂದಿತು. ನಮ್ಮಲ್ಲಿ ಊರು ಒಂದೆಡೆ ಇರುತ್ತದೆ, ಹೊಲ ಸುತ್ತ ಇರುತ್ತದೆ. ಸಂಜೆ ಎಲ್ಲರೂ ಊರಿಗೆ ಮರಳುತ್ತಾರೆ, ಕಟ್ಟೆಯ ಮೇಲೆ ಕೂರುತ್ತಾರೆ, ಜಗಳವಾದರೂ ಆಡುತ್ತಾರೆ. ಕೆನಡಾದಲ್ಲಿ 1872ರ ಭೂಕಾಯ್ದೆ ಬಯಲನ್ನೆಲ್ಲ ಚದುರಂಗದ ಮಣೆಯಂತೆ ಗೆರೆ ಕೊರೆದು ಒಂದು ಚದರ ಮೈಲಿಯ ತುಂಡುಗಳನ್ನಾಗಿ ಮಾಡಿತು. ಅದರ ಕಾಲು ಭಾಗ, 160 ಎಕರೆ, 10 ಡಾಲರ್ ಶುಲ್ಕಕ್ಕೆ ಸಿಗುತ್ತಿತ್ತು. ಷರತ್ತು ಎಂದರೆ ಆ ನೆಲದ ಮೇಲೆಯೇ ಮನೆ ಕಟ್ಟಿ ಮೂರು ವರ್ಷ ವಾಸಿಸಬೇಕು, ಉಳಬೇಕು. ಹೀಗಾಗಿ ಮನೆಗೂ ಮನೆಗೂ ಅರ್ಧ ಮೈಲಿ, ಒಂದು ಮೈಲಿ. ಹುಲ್ಲು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ ಗುಡಿಸಲು, ಒಳಗೆ ಒಬ್ಬಳೇ ಹೆಂಗಸು, ಹೊರಗೆ ಐದು ತಿಂಗಳ ಹಿಮ. ಹೆರಿಗೆ ನೋವು ಬಂದರೆ ಕೂಗಿದರೂ ಯಾರಿಗೂ ಕೇಳದು. ಡಾಕ್ಟರು ನಲವತ್ತು ಮೈಲಿ ದೂರ.

ಆ ಡಾಕ್ಟರಿಗೂ ಕಷ್ಟವಿತ್ತು. ಬೆಳೆ ಬಂದ ವರ್ಷ ಜನ ಹಣ ಕೊಡುತ್ತಿದ್ದರು, ಬಾರದ ವರ್ಷ ಕೋಳಿ, ಸೌದೆ, ಇಲ್ಲವೇ ನಾಚಿಕೆ. ಮೊದಲ ಮಹಾಯುದ್ಧದ ಆರಂಭದ ದಿನಗಳಲ್ಲಿ ಸಾರ್ನಿಯಾ ಎಂಬ ಗ್ರಾಮೀಣ ಪುರಸಭೆಯ ಡಾಕ್ಟರು ಊರು ಬಿಡುವ ಮಾತಾಡಿದರು. ಗ್ರಾಮೀಣ ಪುರಸಭೆ ಎಂದರೆ ನಮ್ಮ ಪಂಚಾಯಿತಿಯ ಹಾಗೆ, ರೈತರೇ ಸದಸ್ಯರು. ಅವರು ಸೇರಿ ಲೆಕ್ಕ ಹಾಕಿದರು. ರಸ್ತೆಗೆ ತೆರಿಗೆ ಎತ್ತುತ್ತೇವೆ, ಡಾಕ್ಟರಿಗೇಕೆ ಎತ್ತಬಾರದು? ವರ್ಷಕ್ಕೆ 1,500 ಡಾಲರ್ ಕೊಟ್ಟು ಅವರನ್ನು ಉಳಿಸಿಕೊಂಡರು. ಆಗ ಇದಕ್ಕೆ ಕಾನೂನಿನ ಬೆಂಬಲವೇ ಇರಲಿಲ್ಲ. ಮೊದಲು ಮಾಡಿದರು, ಆಮೇಲೆ 1916ರಲ್ಲಿ ಕಾನೂನು ಅವರ ಹಿಂದೆ ಬಂತು. ಅದೇ ವರ್ಷ ಹಲವು ಪುರಸಭೆಗಳು ಕೂಡಿ ಒಂದು ಆಸ್ಪತ್ರೆ ಕಟ್ಟಿಕೊಳ್ಳಲು ಅವಕಾಶ ಕೊಡುವ ಕಾಯ್ದೆಯೂ ಆಯಿತು.

ಇಲ್ಲಿಂದ ಮುಂದಿನ ಕಥೆಯಲ್ಲಿ ನನಗೆ ಪ್ರಿಯರಾದ ಇಬ್ಬರಿದ್ದಾರೆ. ಇಬ್ಬರೂ ಡಾಕ್ಟರಲ್ಲ. ಒಬ್ಬ ಮ್ಯಾಟ್ ಆಂಡರ್ಸನ್, ನಾರ್ವೆಯಿಂದ ಬಂದ ರೈತ, ಮೆಕಿಲಪ್ ಪುರಸಭೆಯ ಅಧ್ಯಕ್ಷ. ತಲೆಗೆ ವರ್ಷಕ್ಕೆ 5 ಡಾಲರ್ ತೆರಿಗೆ, ಅದರಲ್ಲಿ ಡಾಕ್ಟರು ಮತ್ತು ಆಸ್ಪತ್ರೆ ಎರಡೂ. ಇದಕ್ಕೆ ಪ್ರಾಂತ್ಯ ಸರ್ಕಾರದಿಂದ 1939ರಲ್ಲಿ ಕಾನೂನು ಮಾಡಿಸುವವರೆಗೆ ಆತ ಬಿಡಲಿಲ್ಲ. ಇನ್ನೊಬ್ಬ ವಿಲಿಯಂ ಬುರಾಕ್, ಪಿಟ್‌ವಿಲ್ ಪುರಸಭೆಯ ಕಾರ್ಯದರ್ಶಿ. ನಮ್ಮ ಪಂಚಾಯಿತಿ ಕಾರ್ಯದರ್ಶಿಗಳನ್ನು ನೆನೆಸಿಕೊಳ್ಳಿ. ಅವರ ಕೈಯಲ್ಲಿರುವ ಆಯುಧ ಎಂದರೆ ಪತ್ರ. ಬುರಾಕ್ ಸುತ್ತಲಿನ ಪುರಸಭೆಗಳಿಗೆಲ್ಲ ಪತ್ರ ಬರೆದ, ಸಭೆ ಕರೆದ, ಮತಕ್ಕೆ ಹಾಕಿಸಿದ. 1946ರ ಜುಲೈ 1ರಂದು ಸ್ವಿಫ್ಟ್ ಕರೆಂಟ್ ಆರೋಗ್ಯ ವಲಯದಲ್ಲಿ ಪ್ರತಿಯೊಬ್ಬರಿಗೂ ವೈದ್ಯರು, ಆಸ್ಪತ್ರೆ, ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಒಂದೇ ಚೀಟಿಯ ಮೇಲೆ ಸಿಗತೊಡಗಿತು. ಅದಾದ ಮೇಲೆ ಟಾಮಿ ಡಗ್ಲಸ್ ಅವರ ಸರ್ಕಾರ 1947ರಲ್ಲಿ ಪ್ರಾಂತ್ಯಕ್ಕೆಲ್ಲ ಆಸ್ಪತ್ರೆ ವಿಮೆ ತಂದಿತು. ಡಗ್ಲಸ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬಾಲ್ಯದಲ್ಲಿ ಮೂಳೆಯ ಸೋಂಕಿನಿಂದ ಕಾಲು ಕತ್ತರಿಸಬೇಕಾಗಿದ್ದ ಹುಡುಗ. ವಿನ್ನಿಪೆಗ್‌ನ ಶಸ್ತ್ರವೈದ್ಯರೊಬ್ಬರು ವಿದ್ಯಾರ್ಥಿಗಳಿಗೆ ತೋರಿಸಲು ಬಿಡುವುದಾದರೆ ಹಣ ಬೇಡ ಎಂದು ಕಾಲು ಉಳಿಸಿಕೊಟ್ಟರು. ಮುಂದೆ ಮುಖ್ಯಮಂತ್ರಿಯಾದಾಗ ಆತ ಆ ವೈದ್ಯರ ಉದಾರತೆಯನ್ನು ಹೊಗಳಿ ಸುಮ್ಮನಾಗಲಿಲ್ಲ. ಮಗುವಿನ ಕಾಲು ಒಬ್ಬರ ಉದಾರತೆಯ ಮೇಲೆ ನಿಲ್ಲಬಾರದು ಎಂದುಕೊಂಡರು.

1962ರ ಜುಲೈ 1ರಂದು ಎಲ್ಲರಿಗೂ ವೈದ್ಯಕೀಯ ವಿಮೆ ಜಾರಿಗೆ ಬಂದಾಗ ಡಾಕ್ಟರುಗಳಲ್ಲಿ ಹೆಚ್ಚಿನವರು 23 ದಿನ ಮುಷ್ಕರ ಹೂಡಿದರು. ನಾನು ಡಾಕ್ಟರುಗಳ ನಡುವೆ ದುಡಿದವಳು, ಅವರ ವಾದವನ್ನೂ ಕೇಳಿದ್ದೇನೆ. ಸರ್ಕಾರ ತಮ್ಮನ್ನು ಗುಮಾಸ್ತರನ್ನಾಗಿ ಮಾಡುತ್ತದೆ ಎಂಬ ಅವರ ಭಯ ಸುಳ್ಳಾಗಿರಲಿಲ್ಲ, ಅತಿಯಾಗಿತ್ತು. ನನಗೆ ಇಷ್ಟವಾಗುವುದು ಆ ದಿನಗಳಲ್ಲಿ ಜನ ಏನು ಮಾಡಿದರು ಎಂಬುದು. ಸಸ್ಕಟೂನ್ ನಗರದಲ್ಲಿ ಸದಸ್ಯರು ಹಣ ಕೂಡಿಸಿ ಮುಷ್ಕರದ ಮೂರನೇ ದಿನವೇ ತಮ್ಮದೇ ಸಹಕಾರಿ ಚಿಕಿತ್ಸಾಲಯ ತೆರೆದರು. ಅದು ಇವತ್ತಿಗೂ ಇದೆ, ಇವತ್ತಿಗೂ ಸಹಕಾರಿಯೇ. ಔಷಧಿಯಂಗಡಿಯೂ ಅದರೊಳಗೇ ಇದೆ. ನಮ್ಮ ಜಿಲ್ಲೆಯ ಸಹಕಾರ ಸಂಘಗಳು ಗೊಬ್ಬರ ಮಾರುತ್ತವೆ, ಸಾಲ ಕೊಡುತ್ತವೆ, ಚುನಾವಣೆಯಲ್ಲಿ ಬಡಿದಾಡುತ್ತವೆ. ಒಬ್ಬ ಡಾಕ್ಟರನ್ನು ಇಟ್ಟುಕೊಳ್ಳಬಾರದೇ ಎಂದು ಕೇಳಿದರೆ ನೀವು ನಗುತ್ತೀರಿ. ನಗುತ್ತಿದ್ದೀರಿ.

ಗಾಳಿಯನ್ನೂ ಅಲ್ಲಿ ಔಷಧಿಯಾಗಿ ಕೊಡುತ್ತಿದ್ದರು. ಫೋರ್ಟ್ ಕ್ಯಾಪೆಲ್ ಕಣಿವೆಯ ಕ್ಷಯ ಆಸ್ಪತ್ರೆ 1917ರಲ್ಲಿ ತೆರೆಯಿತು. ನಡುಚಳಿಯಲ್ಲೂ ರೋಗಿಗಳನ್ನು ತೆರೆದ ಜಗಲಿಯ ಮೇಲೆ, ಕಂಬಳಿಗಳ ಗುಡ್ಡೆಯ ಅಡಿಯಲ್ಲಿ ಮಲಗಿಸುತ್ತಿದ್ದರು. ಶುದ್ಧ ಗಾಳಿಯಿಂದ ಎಷ್ಟು ಜನ ಉಳಿದರೋ, ವಿಶ್ರಾಂತಿ ಮತ್ತು ಹಾಲಿನಿಂದ ಎಷ್ಟು ಜನರೋ. ಆದರೆ 1929ರಲ್ಲಿ ಆ ಪ್ರಾಂತ್ಯ ಕ್ಷಯದ ತಪಾಸಣೆ, ಚಿಕಿತ್ಸೆ ಎರಡನ್ನೂ ಉಚಿತ ಮಾಡಿತು. ಖರ್ಚಿಗೆ ಹೆದರಿ ಕೆಮ್ಮನ್ನು ಬಚ್ಚಿಡುತ್ತಿದ್ದವರು ಬಾಗಿಲಿಗೆ ಬಂದರು. ನನ್ನ ಅನುಭವದಲ್ಲಿ ಇದರ ಮುಂದೆ ಗಾಳಿಯ ಗುಣ ಚಿಕ್ಕದು.

ಇನ್ನು ನೆಲದ ಕಾಯಿಲೆ. ಉಳಬಾರದ ನೆಲವನ್ನೂ ಉತ್ತರು. ಹುಲ್ಲು ಹಿಡಿದಿಟ್ಟಿದ್ದ ಮಣ್ಣು 1930ರ ದಶಕದ ಬರಗಾಲದಲ್ಲಿ ಎದ್ದು ಹಾರಿತು. ಮಧ್ಯಾಹ್ನವೇ ದೀಪ ಹಚ್ಚುತ್ತಿದ್ದರು, ಊಟದ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದರು. 1937ರ ಜುಲೈ 5ರಂದು ಯೆಲ್ಲೋ ಗ್ರಾಸ್ ಎಂಬ ಊರಿನಲ್ಲಿ ಬಿಸಿಲು 45 ಡಿಗ್ರಿ ಮುಟ್ಟಿತು. ಊರಿನ ಹೆಸರಿನ ಅರ್ಥ ಹಳದಿ ಹುಲ್ಲು. ಹೆಸರಿಟ್ಟವನಿಗೆ ಮುಂದಿನದು ಗೊತ್ತಿತ್ತೋ ಏನೋ. ಪೆಟ್ರೋಲಿಗೆ ಹಣವಿಲ್ಲದೆ ಕಾರಿನ ಎಂಜಿನ್ ಕಿತ್ತು ಕುದುರೆ ಕಟ್ಟಿ ಓಡಿಸಿದರು. ಆಗಿನ ಪ್ರಧಾನಿಯ ಹೆಸರನ್ನೇ ಆ ಗಾಡಿಗೆ ಇಟ್ಟು "ಬೆನೆಟ್ ಬಗ್ಗಿ" ಎಂದು ಕರೆದರು. ಪೂರ್ವದ ಕರಾವಳಿಯವರು ರೈಲಿನಲ್ಲಿ ಉಪ್ಪುಮೀನು ಕಳಿಸಿದರು. ಅದನ್ನು ನೆನೆಸಿ ಬೇಯಿಸಬೇಕೆಂದು ಬಯಲಿನವರಿಗೆ ತಿಳಿಯದು. ಕೆಲವರು ಅದನ್ನೇ ಚಪ್ಪಲಿಗೆ ಅಟ್ಟೆಯಾಗಿ ಹಾಕಿಕೊಂಡರಂತೆ. ನನ್ನ ವಾರ್ಡಿನ ಮುದುಕರೊಬ್ಬರು ಈ ಕಥೆ ಹೇಳಿ ಕೆಮ್ಮು ಬರುವಷ್ಟು ನಗುತ್ತಿದ್ದರು. ಕಳಿಸಿದವರ ಮೇಲಿನ ಕೃತಜ್ಞತೆ ಮಾತ್ರ ಅವರ ಮಾತಿನಲ್ಲಿ ಕಡಿಮೆಯಾಗುತ್ತಿರಲಿಲ್ಲ.

ಆ ನೆಲಕ್ಕೆ ಮಾಡಿದ ಮದ್ದುಗಳಲ್ಲಿ ಎರಡು ನನ್ನ ಕಣ್ಣೆದುರೇ ಇದ್ದವು. ಒಂದು ಮರದ ಸಾಲು. ಇಂಡಿಯನ್ ಹೆಡ್ ಎಂಬಲ್ಲಿನ ಸರ್ಕಾರಿ ಸಸ್ಯಪಾಲನಾ ಕೇಂದ್ರ 1901ರಿಂದ 2013ರವರೆಗೆ ರೈತರಿಗೆ 60 ಕೋಟಿಗೂ ಹೆಚ್ಚು ಸಸಿ ಹಂಚಿತು. ಗಾಳಿ ಬರುವ ದಿಕ್ಕಿಗೆ ಮನೆಯ ಸುತ್ತ ನಾಲ್ಕೈದು ಸಾಲು. ನೀವು ಆ ಬಯಲಿನಲ್ಲಿ ಕಾರಿನಲ್ಲಿ ಹೋಗುವಾಗ ದೂರದಲ್ಲಿ ಚೌಕಾಕಾರದ ಮರಗಳ ಗುಂಪು ಕಂಡು, ಹತ್ತಿರ ಹೋಗಿ ನೋಡಿದರೆ ಒಳಗೆ ಮನೆಯಿರುವುದಿಲ್ಲ, ಜನ ಬಿಟ್ಟು ಹೋಗಿ ಐವತ್ತು ವರ್ಷವಾಗಿರುತ್ತದೆ. ಮರಗಳು ಯಾರೂ ಇಲ್ಲದ ಅಂಗಳವನ್ನು ಇನ್ನೂ ಕಾಯುತ್ತಿರುತ್ತವೆ. ಇನ್ನೊಂದು ಸಾಮುದಾಯಿಕ ಹುಲ್ಲುಗಾವಲು. 1935ರಲ್ಲಿ ಸಂಸತ್ತು ಬಯಲಿನ ಕೃಷಿ ಪುನಶ್ಚೇತನಕ್ಕೆಂದು ಕಾನೂನು ಮಾಡಿತು. ಹಾರಿಹೋದ ಹೊಲಗಳನ್ನು ಸರ್ಕಾರ ತೆಗೆದುಕೊಂಡು ಹುಲ್ಲು ಬಿತ್ತಿತು, ಬೇಲಿ ಹಾಕಿತು, ಸುತ್ತಲಿನ ರೈತರು ಶುಲ್ಕ ಕೊಟ್ಟು ಇಷ್ಟಿಷ್ಟೇ ದನ ಬಿಡಬೇಕೆಂದು ಕಟ್ಟು ಮಾಡಿತು. ಕೇಳಿದ ಕೂಡಲೇ ನಾನು "ಇದು ನಮ್ಮ ಗಾಯರಾಣ" ಎಂದೆ. ನಮ್ಮ ಗಾಯರಾಣ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಈ ವೇದಿಕೆಯಲ್ಲಿ ಕೇಳಿದರೆ ಸಭೆ ಬೇಗ ಮುಗಿಯುವುದಿಲ್ಲ, ಬಿಡೋಣ. ಅಲ್ಲಿಯೂ 2012ರಲ್ಲಿ ಕೇಂದ್ರ ಸರ್ಕಾರ ಈ ಗಾವಲುಗಳಿಂದ ಕೈ ತೊಳೆದುಕೊಳ್ಳಲು ತೀರ್ಮಾನಿಸಿತು. ಹಲವೆಡೆ ರೈತರೇ ಸಂಘ ಮಾಡಿಕೊಂಡು ನಡೆಸುತ್ತಿದ್ದಾರೆ.

ಆ ಗಾವಲುಗಳಲ್ಲೊಂದರಲ್ಲಿ ಉಳುಮೆ ಕಾಣದ ನೆಲದ ಒಂದು ಪಟ್ಟಿಯಿತ್ತು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಮೊದಲು ಎಷ್ಟೋ ಸಲ ಅಲ್ಲಿ ಕಾರು ನಿಲ್ಲಿಸಿದ್ದೇನೆ. ಪ್ರಾಂತ್ಯದಲ್ಲಿ ಅಂಥ ಮೂಲ ಹುಲ್ಲುಗಾವಲು ಐದರಲ್ಲಿ ಒಂದು ಪಾಲೂ ಉಳಿದಿಲ್ಲ. ನಮ್ಮ ಕಪ್ಪತಗುಡ್ಡದ ಹುಲ್ಲಿನ ಹಾಗೆಯೇ, ದೂರದಿಂದ ನೋಡಿದರೆ ಬರೀ ಹುಲ್ಲು. ಕುಕ್ಕರುಗಾಲಿನಲ್ಲಿ ಕುಳಿತರೆ ಒಂದು ಮಾರಿನೊಳಗೆ ಇಪ್ಪತ್ತು ಬಗೆಯ ಎಲೆ. ಏಪ್ರಿಲಿನಲ್ಲಿ ಹಿಮ ಇನ್ನೂ ಪೂರ್ತಿ ಕರಗಿರದಾಗಲೇ ಹಳದಿ ಎದೆಯ ಮೆಡೋಲಾರ್ಕ್ ಬೇಲಿಗೂಟದ ಮೇಲೆ ಕುಳಿತು ಕೂಗುತ್ತದೆ. ಪ್ರಕೃತಿ ನನ್ನನ್ನು ಗುಣಪಡಿಸಿತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ರಾತ್ರಿ ಒಬ್ಬರು ತೀರಿಕೊಂಡಿದ್ದರೆ, ನೇರವಾಗಿ ಮನೆಗೆ ಹೋದ ದಿನಕ್ಕಿಂತ ಅಲ್ಲಿ ಹತ್ತು ನಿಮಿಷ ನಿಂತು ಹೋದ ದಿನ ನಿದ್ದೆ ಬರುತ್ತಿತ್ತು. ಇಷ್ಟು ಮಾತ್ರ ಗೊತ್ತು.

ಈಗ ಪುಸ್ತಕದಲ್ಲಿ ಹೆಸರಿಲ್ಲದವರ ವಿಷಯ. ಪ್ರಾಂತ್ಯದ ರಾಜಧಾನಿ ರಿಜೈನಾ. ಅದಕ್ಕೆ ಮೊದಲು ಆ ಜಾಗವನ್ನು ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ತಮ್ಮ ಭಾಷೆಯಲ್ಲಿ ಕರೆಯುತ್ತಿದ್ದ ಹೆಸರಿನ ಅರ್ಥ ಮೂಳೆಗಳ ರಾಶಿ. ಕಾಡೆಮ್ಮೆಯಂಥ ಬೈಸನ್ ಪ್ರಾಣಿಯ ಮೂಳೆಗಳು. ಊಟ, ಹೊದಿಕೆ, ಗುಡಾರ ಎಲ್ಲವೂ ಆ ಪ್ರಾಣಿಯಿಂದಲೇ ಆಗುತ್ತಿದ್ದ ಬದುಕು ಅದು. ಕೋಟಿಗಟ್ಟಲೆ ಇದ್ದ ಹಿಂಡುಗಳು ಒಂದೇ ತಲೆಮಾರಿನ ಬೇಟೆಯಲ್ಲಿ ಮುಗಿದವು. ಕೊನೆಗೆ ಬಯಲಿನಲ್ಲಿ ಬಿದ್ದ ಮೂಳೆಯನ್ನೂ ಆಯ್ದು ಗೊಬ್ಬರಕ್ಕೆ ಮಾರಿದರು. ಹಸಿವು ಬಾಗಿಲಿಗೆ ಬರುತ್ತಿದೆ ಎಂದು ತಿಳಿದೇ ಕ್ರೀ ಮುಖಂಡರು 1876ರಲ್ಲಿ ಫೋರ್ಟ್ ಕಾರ್ಲ್‌ಟನ್‌ನಲ್ಲಿ ಸರ್ಕಾರದೊಂದಿಗೆ ಆರನೇ ಒಪ್ಪಂದಕ್ಕೆ ಕುಳಿತರು. ಅವರು ಪಟ್ಟು ಹಿಡಿದು ಅದರಲ್ಲಿ ಒಂದು ಸಾಲು ಸೇರಿಸಿದರು: ಸರ್ಕಾರದ ಏಜೆಂಟನ ಮನೆಯಲ್ಲಿ ತಮ್ಮ ಜನರ ಉಪಯೋಗಕ್ಕಾಗಿ ಒಂದು ಔಷಧಿ ಪೆಟ್ಟಿಗೆ ಇರಬೇಕು.

ಯೋಚಿಸಿ. ರೈತರು ಡಾಕ್ಟರಿಗೆ 1,500 ಡಾಲರ್ ಕೊಡುವುದಕ್ಕೂ ಸುಮಾರು ನಲವತ್ತು ವರ್ಷ ಮೊದಲು, ಬಯಲಿನಲ್ಲಿ ಆರೋಗ್ಯವನ್ನು ಬರಹದ ಹಕ್ಕಾಗಿ ಕೇಳಿದವರು ಇವರು. ಬೆಲೆಯಾಗಿ ಕೊಟ್ಟದ್ದು ನೆಲ. ಏನಾಯಿತು? ಅವರಿಗೆಂದು ಬಿಟ್ಟ ಮೀಸಲು ಪ್ರದೇಶದಿಂದ ಹೊರಗೆ ಹೋಗಲು ಏಜೆಂಟನ ಚೀಟಿ ಬೇಕೆಂಬ ಕಟ್ಟಳೆ ಬಂತು. ಮಕ್ಕಳನ್ನು ತಂದೆತಾಯಿಯರಿಂದ ಕಿತ್ತು ವಸತಿ ಶಾಲೆಗೆ ಹಾಕಿದರು. 1930ರ ದಶಕದಲ್ಲಿ ಅದೇ ಫೋರ್ಟ್ ಕ್ಯಾಪೆಲ್‌ನ ವೈದ್ಯರು ಮೂಲನಿವಾಸಿ ಶಿಶುಗಳ ಮೇಲೆ ಬಿಸಿಜಿ ಲಸಿಕೆಯ ಪ್ರಯೋಗ ನಡೆಸಿದರು. ಲಸಿಕೆ ಕ್ಷಯವನ್ನು ತಡೆಯಿತು. ಆದರೆ ಪ್ರಯೋಗದಲ್ಲಿದ್ದ ಮಕ್ಕಳು ವಾಂತಿಭೇದಿ, ನ್ಯುಮೋನಿಯಾಗಳಿಂದ ಕ್ಷಯಕ್ಕಿಂತ ಎಷ್ಟೋ ಹೆಚ್ಚಾಗಿ ಸತ್ತರು. ಕೊರೆಯುವ ಗುಡಿಸಲಿಗೂ ಖಾಲಿ ಹೊಟ್ಟೆಗೂ ಚುಚ್ಚುಮದ್ದು ಇರಲಿಲ್ಲ. ಆ ಔಷಧಿ ಪೆಟ್ಟಿಗೆ ಏನಾಯಿತು ಎಂದರೆ, 1935ರಲ್ಲಿ ಒಂದು ನ್ಯಾಯಾಲಯ ಪೆಟ್ಟಿಗೆ ಎಂದರೆ ಎಲ್ಲ ಔಷಧಿ ಎಂದಿತು. 1966ರಲ್ಲಿ ಸಸ್ಕ್ಯಾಚೆವಾನಿನ ಮೇಲ್ಮನವಿ ನ್ಯಾಯಾಲಯ ಪೆಟ್ಟಿಗೆ ಎಂದರೆ ಪೆಟ್ಟಿಗೆ ಅಷ್ಟೇ ಎಂದಿತು. ಆಸ್ಪತ್ರೆ ತೆರಿಗೆ ಕಟ್ಟಲಿಲ್ಲ ಎಂದು ಒಬ್ಬ ಮೂಲನಿವಾಸಿಯ ಮೇಲೆ ಹೂಡಿದ್ದ ಮೊಕದ್ದಮೆ ಅದು. ಅದೇ 1966ರಲ್ಲಿ ಸಸ್ಕ್ಯಾಚೆವಾನಿನ ಮಾದರಿಯನ್ನು ದೇಶಕ್ಕೆಲ್ಲ ಹರಡುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು.

ಇದೆಲ್ಲ ಬೇರೆಯವರ ತಪ್ಪು ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ನನ್ನದೊಂದು ಇಲ್ಲದಿದ್ದರೆ. ನಾನು ಹೋದ ಎರಡನೇ ವರ್ಷ, ಹತ್ತಿರದ ಮೀಸಲು ಪ್ರದೇಶದಿಂದ ಒಬ್ಬ ಅಜ್ಜಿ ದಾಖಲಾದರು. ಅವರ ಮೊಮ್ಮಕ್ಕಳು ಅವರನ್ನು ಕೋಕಮ್ ಎನ್ನುತ್ತಿದ್ದರು. ನಮ್ಮ ಸಾರಿಗೆ ಹಾಕುವ ಹುಳಿಯಲ್ಲ, ಕ್ರೀ ಮಾತಿನಲ್ಲಿ ಅಜ್ಜಿ. ಒಂದು ಸಂಜೆ ಕೋಣೆಯಿಂದ ಹೊಗೆ ಬರುತ್ತಿತ್ತು. ಓಡಿಹೋಗಿ ನೋಡಿದರೆ ಒಂದು ಚಿಪ್ಪಿನಲ್ಲಿ ಜಡೆ ಹೆಣೆದ ಸುವಾಸನೆಯ ಹುಲ್ಲು, ಸ್ವೀಟ್‌ಗ್ರಾಸ್, ಹೊಗೆಯಾಡುತ್ತಿದೆ. ಮೊಮ್ಮಗಳು ಕೈಯಿಂದ ಹೊಗೆಯನ್ನು ಅಜ್ಜಿಯ ತಲೆಯ ಮೇಲೆ ತರುತ್ತಿದ್ದಾಳೆ. ನಾನು ಬೆಂಕಿಯ ಎಚ್ಚರಗಂಟೆ, ಆಮ್ಲಜನಕದ ಕೊಳವೆ ಎಂದೆಲ್ಲ ಗಟ್ಟಿಯಾಗಿ ಹೇಳಿ ಅದನ್ನು ಆರಿಸಿಸಿದೆ. ನಿಯಮದ ಪ್ರಕಾರ ಸರಿಯೇ. ಅಜ್ಜಿ ಏನೂ ಅನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಬೆಳಿಗ್ಗೆ ಮೊಮ್ಮಗಳು ಹೊರಗೆ ಕರೆದು ಸಮಾಧಾನದಿಂದಲೇ ಹೇಳಿದಳು: ಆರನೇ ವಯಸ್ಸಿನಲ್ಲಿ ಅಜ್ಜಿಯನ್ನು ವಸತಿ ಶಾಲೆಗೆ ಒಯ್ದರು, ಅಲ್ಲಿ ಇಂಥದೇ ಉದ್ದದ ಬಿಳಿ ಓಣಿ, ಗಂಟೆ, ಸಮವಸ್ತ್ರದ ಹೆಂಗಸರು, ಅದು ಮಾಡಬೇಡ ಇದು ಮಾಡಬೇಡ. ನಿನ್ನೆ ರಾತ್ರಿ ಅವರಿಗೆ ಅದೇ ಶಾಲೆಯಾಯಿತು.

ನಾನು ಯಾರು? ನನ್ನ ಬಾಣಂತನದಲ್ಲಿ ಅವ್ವ ಸಂಜೆಗೊಮ್ಮೆ ಕೆಂಡದ ಮೇಲೆ ಲೋಬಾನ ಹಾಕಿ, ನನ್ನ ಕೂದಲಿಗೆ, ಕೂಸಿನ ಮೈಗೆ ಹೊಗೆ ಕೊಟ್ಟವಳು. ಆ ವಾಸನೆ ಬಂದರೆ ಇಂದಿಗೂ ನನ್ನ ಮೈ ಸಡಿಲಾಗುತ್ತದೆ. ನನಗೇ ಅದು ಹೊಳೆಯಲಿಲ್ಲವಲ್ಲ! ಅಂದು ಕ್ಷಮೆ ಕೇಳಿ, ಆಮ್ಲಜನಕ ಬೇಡದ ಹೊತ್ತು ನೋಡಿ ಗಾಲಿಕುರ್ಚಿಯಲ್ಲಿ ಅವರನ್ನು ಹಿಂಬದಿಯ ಅಂಗಳಕ್ಕೆ ಕರೆದೊಯ್ದೆ. ಚಿಪ್ಪು ಮತ್ತೆ ಹೊಗೆಯಾಡಿತು. ಕೋಕಮ್ ನನಗೂ ಕೈಸನ್ನೆ ಮಾಡಿ ಹತ್ತಿರ ಕರೆದರು. ಅವರ ಭಾಷೆಯಲ್ಲಿ ವಾಹ್‌ಕೊಹ್ತೊವಿನ್ ಎಂಬ ಪದವಿದೆ ಎಂದು ಮೊಮ್ಮಗಳು ಆ ದಿನ ಹೇಳಿದಳು. ನಂಟು, ಬಳಗ ಎಂದು ಅರ್ಥ. ಆ ಬಳಗದಲ್ಲಿ ಮನುಷ್ಯರಷ್ಟೇ ಇಲ್ಲ, ಹುಲ್ಲು, ನೀರು, ಪ್ರಾಣಿಗಳೂ ಇವೆ, ನಂಟಿದ್ದ ಮೇಲೆ ಕರ್ತವ್ಯವೂ ಇದೆ. ಈಗ ಹಲವು ಆಸ್ಪತ್ರೆಗಳಲ್ಲಿ ಈ ಧೂಪಕ್ಕೆಂದೇ ಗಾಳಿ ಹೊರಹೋಗುವ ಕೋಣೆಗಳಿವೆ. 2005ರ ಕೊನೆಯಲ್ಲಿ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಬೈಸನ್ ಹಿಂಡನ್ನೂ ಮರಳಿ ತಂದರು. ಗಾಯ ಮಾಯಿತೇ ಎಂದು ನನ್ನನ್ನು ಕೇಳಬೇಡಿ; ಅದನ್ನು ಹೇಳಬೇಕಾದವರು ಅವರು.

ಊರಿನ ಕುಂದನ್ನೂ ಹೇಳಿಬಿಡುತ್ತೇನೆ. 1993ರಲ್ಲಿ ಡಗ್ಲಸ್ ಅವರ ಪಕ್ಷದ್ದೇ ಸರ್ಕಾರ, ಸಾಲದ ಹೊರೆ ತಾಳಲಾರದೆ 52 ಸಣ್ಣ ಗ್ರಾಮೀಣ ಆಸ್ಪತ್ರೆಗಳನ್ನು ಮುಚ್ಚಿತು ಇಲ್ಲವೇ ಬರೀ ಆರೋಗ್ಯ ಕೇಂದ್ರಗಳನ್ನಾಗಿ ಇಳಿಸಿತು. ನಾನಿದ್ದಾಗಲೂ ಸಿಬ್ಬಂದಿಯಿಲ್ಲದೆ ನಮ್ಮ ತುರ್ತು ವಿಭಾಗದ ಬಾಗಿಲಿಗೆ ವಾರಗಟ್ಟಲೆ "ಮುಚ್ಚಿದೆ" ಎಂಬ ಹಲಗೆ ಬೀಳುತ್ತಿತ್ತು. ಹುಡುಗರು ಓದಿ ಕ್ಯಾಲ್ಗರಿಗೆ ಹೋಗುತ್ತಾರೆ, ಇಲ್ಲಿಂದ ಬೆಂಗಳೂರಿಗೆ ಹೋದ ಹಾಗೆ. ಗಂಡಸರು ಸಾಲದ ಮಾತು ಬಾಯಿ ಬಿಡುವುದಿಲ್ಲ. ಅಂಥವರಿಗೆಂದೇ 1992ರಿಂದ ಹೆಸರು ಕೇಳದ ಒಂದು ರೈತ ಸಹಾಯವಾಣಿ ಇದೆ. ಸಾಲ ಮತ್ತು ಮೌನ ಕೂಡಿದರೆ ಏನಾಗುತ್ತದೆ ಎಂದು ಗದಗ ಜಿಲ್ಲೆಗೆ ನಾನು ವಿವರಿಸಬೇಕಾಗಿಲ್ಲ.

ಆದರೂ ಒಬ್ಬ ರೈತನಿಗೆ ಸೆಪ್ಟೆಂಬರಿನಲ್ಲಿ ಹೃದಯಾಘಾತವಾಗಿ ಅವನು ನಮ್ಮಲ್ಲಿ ಮಲಗಿದ್ದಾಗ ನಾನು ಕಂಡದ್ದಿದೆ. ಗೋಧಿ ನಿಂತಿತ್ತು, ಮಳೆಯ ಮುನ್ಸೂಚನೆಯಿತ್ತು. ಶನಿವಾರ ಬೆಳಿಗ್ಗೆ ಅವನ ಹೊಲಕ್ಕೆ ಹನ್ನೊಂದು ಕಟಾವು ಯಂತ್ರಗಳು ಸಾಲಾಗಿ ಬಂದವು. ಅವುಗಳಲ್ಲಿ ಒಂದು, ಬೇಲಿಯ ವಿಷಯಕ್ಕೆ ಅವನೊಂದಿಗೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದವನದು. ಸಂಜೆಗೆ ಕಣಜ ತುಂಬಿತ್ತು. ಮಾತು ಬಿಟ್ಟವನು ಮಾತಾಡದೆಯೇ ಮನೆಗೆ ಹೋದ. ನಾನು ಅವರಿಗೆ ಮುಯ್ಯಾಳು ಎಂಬ ಪದ ಕಲಿಸಿದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅವರಿಗೆ ಉಚ್ಚಾರಣೆ ಬರಲಿಲ್ಲ, ಅರ್ಥ ಮೊದಲೇ ಗೊತ್ತಿತ್ತು.

ಮೂರನೇ ಚಳಿಗಾಲದ ಜನವರಿಯಲ್ಲಿ ಅವ್ವ ತೀರಿಕೊಂಡಳು. ಹಿಮಗಾಳಿಗೆ ಹೆದ್ದಾರಿ ಮುಚ್ಚಿತ್ತು, ವಿಮಾನ ನಿಂತಿತ್ತು. ಮಣ್ಣು ಮಾಡುವುದನ್ನು ಅಣ್ಣ ಫೋನಿನಲ್ಲಿ ಕೇಳಿಸಿದ. ಮರುದಿನ ಪಕ್ಕದ ಮನೆಯ ಮುದುಕಿ, ಉಕ್ರೇನಿನಿಂದ ಬಂದವರ ಮೊಮ್ಮಗಳು, ಒಂದು ಡಬ್ಬಿ ಪಿರೋಗಿ ತಂದಳು. ಒಳಗೆ ಆಲೂಗಡ್ಡೆ ತುಂಬಿದ ಕಡುಬು. ಸಮಾಧಾನದ ಮಾತೇನೂ ಆಡಲಿಲ್ಲ. ಡಬ್ಬಿಯ ಜೊತೆ ಒಂದು ಕಾಗದ ಕೊಟ್ಟಳು. ಎರಡು ವಾರಕ್ಕೆ ಯಾವ ದಿನ ಯಾರ ಮನೆಯಿಂದ ಊಟ ಎಂಬ ಸರದಿ. ಮೇಲೆ ದೊಡ್ಡ ಅಕ್ಷರದಲ್ಲಿ "ಮಾಂಸ ಬೇಡ, ಮೊಟ್ಟೆಯೂ ಬೇಡ" ಎಂದು ಬರೆದಿತ್ತು. ಯಾರೋ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ್ದರು. ಬಂದ ಅಡುಗೆ ಹೇಗಿತ್ತು ಎಂದರೆ, ಉಪ್ಪು ಖಾರ ಎರಡೂ ಇಲ್ಲದ ಎಲೆಕೋಸು, ಹೊಳೆಯುವ ಹಸಿರು ಜೆಲ್ಲಿ. ಉಪ್ಪಿನಕಾಯಿ ಹಚ್ಚಿಕೊಂಡು, ಅಳುತ್ತಾ ಎಲ್ಲವನ್ನೂ ತಿಂದೆ.

ಕಾಗದದ ಕೊನೆಯ ಸಾಲನ್ನು ನಾನು ಗಮನಿಸಿದ್ದು ಹತ್ತನೇ ದಿನ. ಅಲ್ಲಿ ನನ್ನದೇ ಹೆಸರಿತ್ತು. ಮಾರ್ಚಿನ ಒಂದು ದಿನಾಂಕ, ಸೊಂಟ ಮುರಿದುಕೊಂಡ ಒಬ್ಬರ ಮನೆಗೆ ಊಟ. ಯಾರೂ ನನ್ನನ್ನು ಕೇಳಿರಲಿಲ್ಲ.

ಏನು ಮಾಡಲಿ ಎಂದು ಯೋಚಿಸಿ, ಮಸೂರ ಬೇಳೆಯ ಸಾರು ಮಾಡಿದೆ. ಬೇಳೆ ಅಲ್ಲಿಯದೇ. 1970ರ ದಶಕದಲ್ಲಿ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಅಲ್ ಸ್ಲಿಂಕಾರ್ಡ್ ಆ ಚಳಿಯ ನೆಲಕ್ಕೆ ಒಗ್ಗುವ ಮಸೂರ ತಳಿ ಸಿದ್ಧಪಡಿಸಿದರು. ಅದು ಬೇರಿನಲ್ಲಿ ಸಾರಜನಕ ಹಿಡಿದು, ಗೋಧಿಯಿಂದ ಬಳಲಿದ ನೆಲಕ್ಕೆ ಜೀವ ಕೊಟ್ಟಿತು. ವರ್ಷ ಬಿಟ್ಟು ವರ್ಷ ಹೊಲವನ್ನು ಬರಿದು ಬಿಡುವ ಹಳೆಯ ರೂಢಿ ಕಡಿಮೆಯಾಯಿತು. ಇಂದು ನಿಮ್ಮ ಕಿರಾಣಿ ಅಂಗಡಿಯ ಮಸೂರ ಬೇಳೆ ಅಲ್ಲಿಂದ ಬಂದದ್ದಿರಬಹುದು. ಸೊಂಟ ಮುರಿದುಕೊಂಡವರ ಮಗ ಆರುನೂರು ಎಕರೆ ಮಸೂರ ಬೆಳೆಯುತ್ತಿದ್ದ, ಜೀವನದಲ್ಲಿ ಒಮ್ಮೆಯೂ ತಿಂದಿರಲಿಲ್ಲ. ಒಗ್ಗರಣೆಯ ವಾಸನೆಗೆ ಅಡುಗೆಮನೆಗೆ ಬಂದು, ಒಂದು ಚಮಚ ಬಾಯಿಗಿಟ್ಟು, "ಇದನ್ನು ಹೀಗೆ ತಿನ್ನುತ್ತಾರೆಯೇ?" ಎಂದ. ಮತ್ತೊಮ್ಮೆ ಬಡಿಸಿಕೊಂಡ.

ಅಲ್ಲಿಯವರು ಊಟದ ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುತ್ತಾರೆ, ಅದಲು ಬದಲಾಗಬಾರದೆಂದು. ನನ್ನ ಸ್ಟೀಲ್ ಡಬರಿಗೆ ಅದರ ಅಗತ್ಯವಿರಲಿಲ್ಲ. ಪಕ್ಕದ ಮನೆಯ ಮುದುಕಿ ಅದನ್ನು ತಿರುಗಿಸಿ, ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಕೇಳಿದಳು. ಅವ್ವನ ಹೆಸರು ಎಂದೆ. ಅವ್ವನ ಮದುವೆಯಲ್ಲಿ ಬಂದ ಪಾತ್ರೆ ಅದು. ಮುಂದೆ ಆ ಡಬರಿ ಸರದಿಯಲ್ಲಿ ಮನೆಯಿಂದ ಮನೆಗೆ ಹೋಯಿತು, ಹನ್ನೊಂದು ವರ್ಷ. ನಾನು ಊರು ಬಿಡುವಾಗ ಅದು ಯಾರದೋ ಮನೆಯಲ್ಲಿತ್ತು, ತರಿಸಿಕೊಳ್ಳಲಿಲ್ಲ. ಈಗ ಅದು ಅಲ್ಲಿನ ಸಮುದಾಯ ಭವನದ ಅಡುಗೆಮನೆಯಲ್ಲಿ ಇದೆಯಂತೆ. ಹೋದ ತಿಂಗಳು ಯಾರೋ ಫೋಟೋ ಕಳಿಸಿದ್ದರು. ಅವ್ವನ ಹೆಸರಿನ ಪಕ್ಕದಲ್ಲಿ ಒಂದು ಅಂಟುಪಟ್ಟಿ ಹಚ್ಚಿ, "ದಾಲ್" ಎಂದು ಬರೆದಿದ್ದಾರೆ.